ಮಂಗಳವಾರ ತೆರೆದಿದ್ದ ಅಂಗಡಿ

ಮೊನ್ನೆ ಹೊಸ ಸಲೂನಿನಲ್ಲಿ ಗಡ್ಡ ಕೆರೆದ ಮೇಲೆ ಕೆನ್ನೆಗೆ ಪಟಿಕದ ತುಂಡು ಉಜ್ಜಿದರು. ಈಗೆಲ್ಲ ಬಾಟಲಿಯಿಂದ ಘಮಘಮಿಸುವ ನೀರು ಚಿಮುಕಿಸುವುದೇ ಹೆಚ್ಚು; ಆ ತಣ್ಣನೆಯ ಒರಟು ಕಲ್ಲು ಕೆನ್ನೆಗೆ ತಾಗಿ ಎಷ್ಟೋ ವರ್ಷವಾಗಿತ್ತು. ಸಣ್ಣಗೆ ಉರಿಯಿತು. ಕಾಕಾ ನೆನಪಾದರು...

ಕಾಕಾ ಸನತ್‌ನಗರದಲ್ಲಿ ಹನ್ನೊಂದು ವರ್ಷ ನನ್ನ ತಲೆಯನ್ನು ನೋಡಿಕೊಂಡ ಕ್ಷೌರಿಕರು. ತಲೆಯ ಹೊರಭಾಗವನ್ನು ಮಾತ್ರ. ಒಳಗಿನದನ್ನು ನೋಡಿಕೊಳ್ಳುವವರು ಇನ್ನೂ ಸಿಕ್ಕಿಲ್ಲ. ಕಲಬುರಗಿ ಕಡೆಯವರು. ಗಿರಾಕಿಗಳ ಜೊತೆ ತೆಲುಗು, ಮೊಂಡಾದ ಕತ್ತರಿಯ ಜೊತೆ ಉರ್ದು, ನನ್ನ ಜೊತೆ ಕನ್ನಡ. ನಾನು ಕುರ್ಚಿಯಲ್ಲಿ ಕೂತು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಚಡಪಡಿಸಿದರೆ, “ಸಾಹೇಬ್ರ, ನಿಮ್ಮ ಮನಿ ಸುಟ್ರ ಇಲ್ಲಿಗೇ ಹೊಗಿ ಕಾಣತೈತಿ. ಸುಮ್ನ ಕುಂದರ್ರಿ, ಕಿವಿ ಹೋದೀತು,” ಅನ್ನುತ್ತಿದ್ದರು.

ಒಂದು ಮಂಗಳವಾರ ಮಧ್ಯಾಹ್ನ ಬಸ್ ಸ್ಟಾಪಿನಲ್ಲಿ ನಿಂತು, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಎದುರಿನ ಚಿನ್ನದಂಗಡಿಯಿಂದ ಒಬ್ಬ ಚೀಲ ಹಿಡಿದು ಓಡಿಬಂದ. ಒಂದು ಕ್ಷಣ ನನ್ನನ್ನೇ ನೋಡಿ ಗಲ್ಲಿಯಲ್ಲಿ ಮರೆಯಾದ. ಒಳಗೆ ಅಂಗಡಿಯ ಯಜಮಾನರು ಇರಿತಕ್ಕೆ ಸಿಕ್ಕಿ ಬಿದ್ದಿದ್ದರು, ಸಂಜೆಗೆ ತೀರಿಕೊಂಡರು. ಓಡಿದವನಿಗೆ ದಪ್ಪ ಮೀಸೆ ಇತ್ತು ಎಂದು ಪೊಲೀಸರಿಗೆ ಹೇಳಿದೆ.

ಎರಡು ತಿಂಗಳ ನಂತರ ಜೈಲಿನಲ್ಲಿ ಗುರುತಿನ ಪರೇಡು ನಡೆಯಿತು. ಸಾಲಾಗಿ ನಿಂತವರಲ್ಲಿ ಮೂರನೆಯವನನ್ನು ತೋರಿಸಿದೆ. ಯಾದಗಿರಿ ಕಡೆಯ ಗಾರೆ ಕೆಲಸದವನು, ದಪ್ಪ ಮೀಸೆ. ಬೀಗ, ಗ್ಯಾಸು, ರೈಲು ಟಿಕೆಟ್ಟಿನ ತಾರೀಖು, ಯಾವುದರ ಬಗ್ಗೆಯೂ ಖಾತ್ರಿಯಿಲ್ಲದ ನಾನು ಜೀವನದಲ್ಲಿ ಅದೊಂದು ಸಲ ಖಾತ್ರಿಯಾಗಿದ್ದೆ. ಬಹಳ ಹಿತವಾಗಿತ್ತು. ಕೋರ್ಟಿನಲ್ಲೂ “ಇವನೇ” ಎಂದೆ.

ನನ್ನ ಸಾಕ್ಷಿ ಮುಗಿದ ಮೇಲೂ ಆತಂಕ ತಡೆಯದೆ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಒಂದು ದಿನ ಆರೋಪಿಯ ಪರವಾಗಿ ಸಾಕ್ಷಿ ಹೇಳಲು ಕಾಕಾ ಬಂದರು! ಅದುವರೆಗೆ ನನ್ನೊಂದಿಗೆ ಒಂದು ಮಾತೂ ಎತ್ತಿರಲಿಲ್ಲ.

ಗಾರೆಯವನ ಅಪ್ಪ ಊರಲ್ಲಿ ತೀರಿಕೊಂಡಿದ್ದರಂತೆ. ಸುದ್ದಿ ಇಲ್ಲಿಗೆ ಬರುವಷ್ಟರಲ್ಲಿ ಮಣ್ಣೂ ಆಗಿತ್ತು. ಮೀಸೆ ತೆಗೆಸಿಕೊಂಡೇ ಊರಿಗೆ ಹೋಗಬೇಕೆಂದು ಆ ಮಂಗಳವಾರವೇ ಕಾಕಾರ ಬಳಿ ಬಂದು ಅತ್ತನಂತೆ. ಮಂಗಳವಾರ ಸಲೂನುಗಳೆಲ್ಲ ಬಂದ್. ಆದರೂ ಕಾಕಾ ಹಿಂಬಾಗಿಲಿಂದ ಒಳಗೆ ಕರೆದು ಕೂರಿಸಿದರು. ಕತ್ತಿ ಅವನ ಮೇಲ್ದುಟಿಯ ಮೇಲಿದ್ದಾಗಲೇ ಬೀದಿಯಲ್ಲಿ “ದೊಂಗ, ದೊಂಗ” ಎಂದು ಕಳ್ಳನ ಹಿಂದೆ ಓಡುವವರ ಕೂಗು ಕೇಳಿಸಿತು. ಪರೇಡಿನಲ್ಲಿ ನಾನು ಕಂಡದ್ದು ಆಮೇಲಿನ ಎರಡು ತಿಂಗಳಲ್ಲಿ ಮತ್ತೆ ಬೆಳೆದ ಮೀಸೆ.

ಮಂಗಳವಾರ ಸಲೂನು ತೆರೆಯುವ ಪದ್ಧತಿ ಇದೆಯೇ ಎಂದು ಸರ್ಕಾರಿ ವಕೀಲರು ಕೇಳಿದರು. ಇಲ್ಲ ಎಂದರು ಕಾಕಾ. ಮತ್ತೆ ಯಾರು ನೋಡಿದರು? ಯಾರೂ ಇಲ್ಲ. ಬೇರೆ ದಿನವಾಗಿದ್ದರೆ ಸರದಿ ಕಾಯುತ್ತ ಐದಾರು ಜನ ಇರುತ್ತಿದ್ದರು. ಮೀಸೆ ತೆಗೆಸಿದ್ದು ನಿಜವೇ ಆಗಿದ್ದರೂ ಅದು ಇರಿದ ಮೇಲೆ, ಗುರುತು ಮರೆಸಲು ಎಂದು ವಕೀಲರು ವಾದಿಸಿದರು. ಗಾರೆಯವನಿಗೆ ಜೀವಾವಧಿ ಶಿಕ್ಷೆಯಾಯಿತು.

ಅಂಗಡಿ ತೆರೆದಿತ್ತೆಂದು ಕೋರ್ಟು ನಂಬಲಿಲ್ಲ. ಕ್ಷೌರಿಕರ ಸಂಘ ಮಾತ್ರ ನಂಬಿತು; ಕಟ್ಟಳೆ ಮುರಿದದ್ದಕ್ಕೆ ಒಂದು ತಿಂಗಳು ಕಾಕಾರ ಅಂಗಡಿ ಮುಚ್ಚಿಸಿತು.

ಮತ್ತೆ ತೆರೆದ ದಿನ ನಾನು ಹೋದೆ. ಹೋಗದಿದ್ದರೆ ಏನಂದುಕೊಂಡಾರೋ ಎಂಬ ಚಿಂತೆ. ಕಾಕಾ ನೊರೆ ಹಚ್ಚಿದರು.

“ಕಣ್ಣು ಮುಚ್ಚರಿ ಸಾಹೇಬ್ರ.”

ಮುಚ್ಚಿದೆ.

“ಬಾಜೂ ಕುರ್ಚ್ಯಾಗ ಕುಂತಾರಲ್ಲ, ನಿಮ್ಮ ಗಲ್ಲಿಯವ್ರು... ಬರೂಮುಂದ ನಮಸ್ಕಾರ ಮಾಡಿದ್ರಿ. ಅವ್ರಿಗೆ ಮೀಸಿ ಐತೇನ್ರಿ?”

“ಐತಲ್ರೀ ಕಾಕಾ. ದಿನಾ ನೋಡ್ತೀನಿ. ದಪ್ಪ ಮೀಸಿ.”

“ಖಾತ್ರಿ?”

“ಖಾತ್ರಿ.”

“ತೆಗೀರಿ ಕಣ್ಣು.”

ಕನ್ನಡಿಯಲ್ಲಿ ಪಕ್ಕದವರು ತಮ್ಮ ನುಣ್ಣನೆಯ ಮೇಲ್ದುಟಿ ಸವರಿಕೊಂಡು, “ನಾ ಮೀಸಿ ಬಿಟ್ಟಿದ್ದು ಯಾವಾಗ್ರೀ?” ಎಂದು ನಕ್ಕರು. ಕಾಕಾ ನಗಲಿಲ್ಲ. ಕತ್ತಿ ನನ್ನ ಗಂಟಲ ಮೇಲಿತ್ತು. ಅವತ್ತಿನಷ್ಟು ಹಗುರವಾಗಿ ಯಾರೂ ನನ್ನ ಗಡ್ಡ ಕೆರೆದಿಲ್ಲ.

ಮರುದಿನ ಗಾರೆಯವನ ವಕೀಲರಲ್ಲಿಗೆ ಹೋಗಿ, ನನಗೆ ಖಾತ್ರಿಯಿಲ್ಲವೆಂದು ಬರೆದುಕೊಟ್ಟೆ. ಅವರು ಕಾಗದವನ್ನೂ ನನ್ನನ್ನೂ ಒಂದೇ ರೀತಿ ನೋಡಿ ಬದಿಗಿಟ್ಟರು. ಮೇಲ್ಮನವಿ ತೀರ್ಮಾನವಾಗಲು ಆರು ವರ್ಷ ಹಿಡಿಯಿತು. ಗಾರೆಯವನು ಬಿಡುಗಡೆಯಾದ, ನನ್ನ ಕಾಗದದಿಂದಲ್ಲ, ಪರೇಡು ತಡವಾಗಿ ನಡೆಯಿತೆಂಬ ಕಾರಣಕ್ಕೆ.

ಅಷ್ಟರಲ್ಲಿ ನಾನು ಲಿಂಗಂಪಲ್ಲಿಗೆ ಮನೆ ಬದಲಿಸಿದ್ದೆ. ಸುದ್ದಿ ಹೇಳಲು ಸನತ್‌ನಗರಕ್ಕೆ ಓಡಿದೆ. ಮುಚ್ಚಿದ ಬಾಗಿಲು ಕಂಡ ಮೇಲೆ ನೆನಪಾಯಿತು, ಅವತ್ತು ಮಂಗಳವಾರ. ಹಿಂದೆ ಹೋಗಿ ಹಿಂಬಾಗಿಲು ತಟ್ಟಿದೆ. ಮತ್ತೆ ತಟ್ಟಿದೆ.

“ಯಾರನ್ನ ಕರಿಯಾಕತ್ತೀರಿ?” ಎಂದರು ಪಕ್ಕದ ಚಹಾದಂಗಡಿಯವರು. “ಕಾಕಾ ತೀರಿಹೋಗಿ ನಾಕು ತಿಂಗಳಾತಲ್ರಿ.”

ಮೊನ್ನೆ ಪಟಿಕ ಉರಿಯುತ್ತಿದ್ದಾಗ ಕಣ್ಣು ಮುಚ್ಚಿ ಅವರ ಮುಖ ತಂದುಕೊಳ್ಳಲು ನೋಡಿದೆ. ಬೆರಳುಗಳು ಬಂದವು, ದನಿ ಬಂತು... ಹನ್ನೊಂದು ವರ್ಷ ಕನ್ನಡಿಯಲ್ಲಿ ನನ್ನ ಮುಖದ ಮೇಲೆಯೇ ಇದ್ದ ಮುಖ. ಅವರಿಗೆ ಮೀಸೆ ಇತ್ತೇ?

ಇತ್ತು ಅನ್ನಿಸುತ್ತದೆ. ಖಾತ್ರಿಯಿಲ್ಲ.