ಖಾಲಿ ಮಿಕ್ಸಿ ಸದ್ದು

ಸರಸ್ವತಿಪುರಂನಲ್ಲಿ ನಾನೂ ನನ್ನ ಹೆಂಡ್ತಿಯೂ ಟ್ಯೂಷನ್ ಹುಡುಗ್ರಿಗೆ ಒಂದು ಸಣ್ಣ ಮೆಸ್ ನಡೆಸ್ತೀವಿ. ಆವತ್ತು ಮಧ್ಯಾಹ್ನದ ಊಟ ಮುಗಿದು ಹುಡುಗ್ರೆಲ್ಲ ಹೊರಟೋಗಿದ್ರು. ನಾನು ಎಣ್ಣೆ ಡಬ್ಬ ತರೋಕೆ ಬನ್ನಿಮಂಟಪದ ಕಡೆ ಸ್ಕೂಟರಲ್ಲಿ ಹೊರಟೆ. ಅರ್ಧ ದಾರಿಲಿ ಜೇಬು ಮುಟ್ಟಿ ನೋಡ್ಕೊಂಡ್ರೆ ಫೋನಿಲ್ಲ. ವಾಪಸ್ ಬಂದೆ.

ಬಾಗ್ಲು ತೆಗೆದ್ರೆ ಒಳಗೆ ಮಿಕ್ಸಿ ಜೋರಾಗಿ ತಿರುಗ್ತಿತ್ತು. ಅದ್ರ ಪಕ್ಕ ನನ್ನ ಹೆಂಡ್ತಿ ಅಕ್ಕಿ ಮೂಟೆಗೆ ಒರಗಿ ನಿಂತಿದ್ಲು. ಬಲಗೈನ ಎಡಗೈಲಿ ಅಪ್ಕೊಂಡಿದ್ಲು. ಬಾಯಿ ತೆರೆದಿತ್ತು, ಕಣ್ಣಲ್ಲಿ ನೀರು ಸುರೀತಿತ್ತು. ಅಳ್ತಾ ಇದಾಳೆ ಅಂತ ಕಾಣ್ತಿತ್ತು, ಅಳೋ ಸದ್ದು ಕೇಳ್ತಿರ್ಲಿಲ್ಲ.

ನಾನು ಹೋಗಿ ಸ್ವಿಚ್ ಆಫ್ ಮಾಡ್ದೆ. ಆಗ ಕೇಳ್ತು. ದನ ಕೊಟ್ಟಿಗೇಲಿ ನರಳ್ತದಲ್ಲ, ಅಂಥ ಸದ್ದು. ನನ್ನನ್ನ ನೋಡಿದೋಳೇ ಬಾಯಿ ಮುಚ್ಕೊಂಡ್ಲು.

"ಏನಾಯ್ತಮ್ಮ?"

"ಏನಿಲ್ಲ. ಮಸಾಲೆ ರುಬ್ತಿದ್ದೆ."

ನಾನು ಮಿಕ್ಸಿ ಮುಚ್ಚಳ ತೆಗ್ದೆ. ಜಾರಲ್ಲಿ ಏನೂ ಇರ್ಲಿಲ್ಲ. ತೊಳೆದಿಟ್ಟ ಜಾರು, ಒಳಗೆ ಬ್ಲೇಡು ಹೊಳೀತಿತ್ತು.

"ಇದ್ರಲ್ಲಿ ಏನೂ ಇಲ್ವಲ್ಲ."

ಅವ್ಳೂ ಬಗ್ಗಿ ನೋಡಿದ್ಲು. "ಇಲ್ಲ" ಅಂದ್ಲು.

ಭುಜವಾ ಅಂತ ಕೇಳ್ದೆ. ತಲೆ ಆಡಿಸಿದ್ಲು. ವಾಸಿ ಆಗಿತ್ತಲ್ಲ ಅಂದೆ. ಎಷ್ಟು ದಿನದಿಂದ ಹಿಂಗೆ ಅಂತ ಕೇಳಿದ್ದಕ್ಕೆ, "ಯಾರಿಗೂ ಹೇಳ್ಬೇಡಿ ರೀ. ಬಾಯಲ್ಲಿ ಅನ್ನಬಾರ್ದು ಅದನ್ನ" ಅಂದ್ಲು.

"ನಂಗೂ ಹೇಳ್ಬಾರ್ದಾ?"

"ನೀವೂ ಸಭೆಯೋರೇ ಅಲ್ವಾ" ಅಂದ್ಲು.

ಆ ಮಾತು ನನ್ನ ತಲೇಲಿ ಇನ್ನೂ ಕೂತಿದೆ. ಒಂದೇ ಮನೇಲಿ, ಒಂದೇ ಒಲೆ ಮುಂದೆ ಇದ್ದೋರು ನಾವು. ಆದ್ರೂ ಅವ್ಳ ಕಣ್ಣಿಗೆ ನಾನು ಗಂಡ ಅನ್ನೋದಕ್ಕಿಂತ ಹೆಚ್ಚಾಗಿ ಸಭೆಯೋನು ಆಗ್ಬುಟ್ಟಿದ್ದೆ.

ಸಭೆ ಅಂದ್ರೆ ನಮ್ಮ ಕ್ರೈಸ್ತ ಸಭೆ, ಅದೇನು ಅಂತ ಹೇಳ್ಬೇಕು. ನಾವಿರೋದು ಹಿನಕಲ್ನಲ್ಲಿ. ಅಲ್ಲೇ ಒಂದು ಹಾರ್ಡ್‌ವೇರ್ ಅಂಗಡಿ ಮೇಲೆ ಹಾಲ್ ಇದೆ. ಭಾನುವಾರ ಅಲ್ಲಿ ಕೂಡ್ತೀವಿ. ಹಾಡು, ಪ್ರಾರ್ಥನೆ, ಆಮೇಲೆ ಸಾಕ್ಷಿ ಸಮಯ. ವಾರದಲ್ಲಿ ಕರ್ತ ಯಾರಿಗೆ ಏನು ಮಾಡಿದ್ರೋ ಅವ್ರು ಎದ್ದು ಹೋಗಿ ಮೈಕ್ ಹಿಡ್ಕೊಂಡು ಹೇಳ್ಬೇಕು. ಕೆಲ್ಸ ಸಿಕ್ತು, ಮಗೂಗೆ ಜ್ವರ ಬಿಡ್ತು, ಗಂಡ ಕುಡಿಯೋದು ಬುಟ್ರು, ಇಂಥವು. ಎಲ್ರೂ ಸ್ತೋತ್ರ ಅಂತ ಕೈ ಎತ್ತಾರೆ. ನಂಗೆ ಅದು ಬಹಳ ಇಷ್ಟ. ನಮ್ಮಂಥೋರ ಮಾತನ್ನ ಮೈಕಲ್ಲಿ ಕೇಳೋ ಜಾಗ ಬೇರೆ ಎಲ್ಲಿದೆ ಹೇಳಿ.

ನನ್ನ ಹೆಂಡ್ತಿಗೆ ಚಪಾತಿ ಲಟ್ಟಿಸಿ ಲಟ್ಟಿಸಿ ಬಲಭುಜ ಹಿಡ್ಕೊಂಡಿತ್ತು. ಒಂದು ಭಾನುವಾರ ಪಾಸ್ಟರು ಭುಜಕ್ಕೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದ್ರು. ಅವ್ಳು ಎದ್ದು ಎರಡೂ ಕೈ ಮೇಲಕ್ಕೆತ್ತಿದ್ಲು. ನಾನೇ ಕಣ್ಣಾರೆ ನೋಡ್ದೆ. ಹಾಲೆಲ್ಲ ಚಪ್ಪಾಳೆ. "ನನ್ನ ಭುಜದ ನೋವನ್ನ ಕರ್ತ ತೆಗೆದಾಕಿದಾರೆ" ಅಂತ ಮೈಕಲ್ಲಿ ಹೇಳಿದ್ಲು. ನಾನು ಅತ್ತುಬುಟ್ಟೆ. ಯಾರೋ ವಿಡಿಯೋ ಮಾಡಿ ಸಭೆ ಗ್ರೂಪಿಗೆ ಹಾಕಿದ್ರು.

ಸಾಕ್ಷಿ ಹೇಳಿದ ಮೇಲೆ ನಮ್ಮಲ್ಲಿ ಒಂದು ಕಟ್ಟಳೆ. ಆ ಕಾಯಿಲೆ ಹೆಸ್ರನ್ನ ಮತ್ತೆ ಬಾಯಲ್ಲಿ ಎತ್ತಬಾರ್ದು. ಮೈ ಏನೇ ಹೇಳ್ಲಿ, ಬಾಯಿ ವಾಸಿಯಾಯ್ತು ಅಂತಲೇ ಅನ್ಬೇಕು. ನೋವು ಅಂದ್ರೆ ಸೈತಾನನಿಗೆ ಬಾಗ್ಲು ತೆಗೆದಂಗೆ. ಪಾಸ್ಟರು ಇದನ್ನ ಮೋಸ ಮಾಡೋಕೆ ಹೇಳಿದ್ದಲ್ಲ. ಅವ್ರು ಹಂಗೇ ನಂಬಿದಾರೆ, ಹಂಗೇ ಬದುಕ್ತಾರೆ. ನಾನೂ ನಂಬಿದ್ದೆ.

ಆವತ್ತು ಮಿಕ್ಸಿ ಆಫ್ ಮಾಡಿದ ಮೇಲೆ ನಾನು ಅಡಿಗೆಮನೆ ಸುತ್ತ ನೋಡ್ದೆ. ಅಟ್ಟದ ಮೇಲಿನ ಡಬ್ಬಗಳೆಲ್ಲ ಕೆಳಗೆ ಬಂದಿದ್ವು. ಚೊಕ್ಕಟವಾಗಿರ್ಲಿ ಅಂತ ಇಳ್ಸಿದಾಳೆ ಅಂದ್ಕೊಂಡಿದ್ದೆ. ಬೆಳಿಗ್ಗೆ ಬಾಚಣಿಗೆ ತಗೊಂಡು ಪಕ್ಕದ ಮನೆಗೆ ಹೋಗ್ತಿದ್ಲು. ಹರಟೆಗೆ ಹೋಗ್ತಾಳೆ ಅಂತ, "ಅಲ್ಲೇ ಒಂದು ಚಾಪೆ ಹಾಸ್ಕೊಂಡ್ಬುಡು" ಅಂತ ರೇಗಿಸ್ತಿದ್ದೆ. ಜಡೆ ಹೆಣೆಯೋಕೆ ಕೈ ಹಿಂದಕ್ಕೆ ಹೋಗ್ತಿರ್ಲಿಲ್ಲ. ಎಲ್ಲಾ ನನ್ನ ಕಣ್ಣ ಮುಂದೇನೇ ಇತ್ತು.

ನಮ್ಮವ್ವ ನೆನಪಾದ್ಲು. ನಾನು ಹುಣಸೂರಿನ ಕಡೆಯೋನು. ನಮ್ಮ ತಾತನ ಕಾಲದಿಂದ ಅಲ್ಲಿನ ಹಳೇ ದೇವಾಲಯಕ್ಕೆ, ಅಂದ್ರೆ ಚರ್ಚಿಗೆ, ಹೋಗೋರು ನಾವು. ಅಲ್ಲಿ ಚಪ್ಪಾಳೆ ಇಲ್ಲ, ಕೀಬೋರ್ಡ್ ಇಲ್ಲ. ಅವ್ವನಿಗೆ ಹೊಟ್ಟೆನೋವು. "ಇದು ನಂಗೆ ಕೊಟ್ಟಿರೋ ಶಿಲುಬೆ ಕಣಪ್ಪ, ಒತ್ಕೊಂಡೋಯ್ತೀನಿ" ಅನ್ನೋಳು. ಡಾಕ್ಟ್ರ ಹತ್ರ ಕರೆದ್ರೂ ಬರ್ಲಿಲ್ಲ. ಅಲ್ಲಿನ ಪಾದ್ರಿ ಅಯ್ಯನೋರು ಅವ್ವನನ್ನ ತೋರ್ಸಿ, ನೋಡಿ ಈ ತಾಯಿ ಎಂಗೆ ಸೈಸ್ಕೊಂಡವ್ರೆ ಅಂತ ಹೊಗಳೋರು. ಆ ನೋವಲ್ಲೇ ಹೋದ್ಲು. ಅದಕ್ಕೇ ಮೈಸೂರಿಗೆ ಬಂದ ಮೇಲೆ, ಕರ್ತ ನೋವು ತೆಗೀತಾರೆ ಅನ್ನೋ ಈ ಸಭೆ ಸಿಕ್ಕಿದಾಗ ನಾನು ಓಡ್ಬಂದೆ. ಆದ್ರೆ ಅವ್ವ ನರಳೋದು ಬೀದಿಗೆಲ್ಲ ಕೇಳ್ತಿತ್ತು. ನಾವು ಮಕ್ಕಳು ಕಾಲು ಒತ್ತುತಿದ್ವಿ, ಪಕ್ಕದೋರು ಗಂಜಿ ತಂದ್ಕೊಡ್ತಿದ್ರು. ಅಲ್ಲಿ ನೋವನ್ನ ತೆಗೆಯೋರು ಇರ್ಲಿಲ್ಲ. ಇಲ್ಲಿ ನೋವನ್ನ ಕೇಳೋರು ಇಲ್ಲ.

ಮಾರನೇ ದಿನ ಮೆಸ್ಸಿಗೆ ರಜ ಹಾಕಿ ಮೂಳೆ ಡಾಕ್ಟ್ರ ಹತ್ರ ಕರ್ಕೊಂಡೋದೆ. ಅವ್ರು ಹೆಂಗಸು, ಮಾತು ಕಮ್ಮಿ.

"ನೋವು ಯಾವಾಗಿಂದ?"

ಇವ್ಳು ನನ್ನ ಮುಖ ನೋಡಿದ್ಲು.

"ನೋವಿದೆ ತಾನೆ?"

"ಸ್ವಲ್ಪ ಬಿಗಿ, ಅಷ್ಟೇ."

ಡಾಕ್ಟ್ರು ಕೈ ಹಿಡಿದು ಮೆಲ್ಲಗೆ ಎತ್ತಿದ್ರು. ನನ್ನ ಹೆಂಡ್ತಿ ಹಣೆ ಮೇಲೆ ಬೆವ್ರು ಬಂತು. ಕಣ್ಣಿಂದ ನೀರು ಇಳೀತು. "ನೋವಾಯ್ತಾ?" ಅಂದ್ರು. "ಇಲ್ಲ" ಅಂದ್ಲು.

ಡಾಕ್ಟ್ರು ಕೈ ಬಿಟ್ಟು ನನ್ನ ಕಡೆ ತಿರುಗಿದ್ರು. "ಏನ್ರೀ ಇದು? ನನ್ ಹತ್ರ ಬರೋರು ಇಲ್ದೇ ಇರೋ ನೋವನ್ನೂ ಸೇರಿಸಿ ಹೇಳ್ತಾರೆ. ಇವ್ರು ಅಳ್ತಾನೇ ನೋವಿಲ್ಲ ಅಂತಾರಲ್ಲ. ಮನೇಲಿ ಏನಾದ್ರೂ ಹೆದರ್ಸಿದೀರಾ?"

ಹೆದರ್ಸಿಲ್ಲ ಮೇಡಂ ಅಂದೆ. ಅಂದ ಮೇಲೆ ಅದು ಪೂರ್ತಿ ನಿಜವಾ ಅಂತ ನಂಗೇ ಅನುಮಾನ ಬಂತು.

ಸ್ಕ್ಯಾನ್ ಆಯ್ತು. ಭುಜದ ಕೀಲು ಬಿಗ್ಕೊಂಡ್ಬುಟ್ಟಿದೆ, ಒಳಗೆ ಸ್ನಾಯು ಸ್ವಲ್ಪ ಹರಿದಿದೆ, ಮುಂಚೇನೇ ಬಂದಿದ್ರೆ ಇಷ್ಟಾಗ್ತಿರ್ಲಿಲ್ಲ ಅಂದ್ರು. ಕೈ ಪೂರ್ತಿ ಮೇಲಕ್ಕೆ ಏಳೋದು ಅನುಮಾನ. ಆದ್ರೆ ದಿನಾ ವ್ಯಾಯಾಮ ಮಾಡಿದ್ರೆ ಕೆಲ್ಸಕ್ಕೆ ಬರೋ ಹಾಗೆ ಆಗ್ತದೆ. ಮನೇಲಿ ನೀವು ಕೈ ಹಿಡಿದು ಎತ್ತಿ ಅಂತ ನಂಗೆ ತೋರ್ಸಿಕೊಟ್ರು. "ಇವ್ರು ನೋವು ಅಂದ ತಕ್ಷಣ ನಿಲ್ಸಿಬಿಡಿ. ಅದನ್ನ ದಾಟಿ ಎತ್ತಿದ್ರೆ ಇರೋದೂ ಹರಿದೋಗ್ತದೆ. ಇವ್ರು ಹೇಳೋದೇ ಮುಖ್ಯ ಇದ್ರಲ್ಲಿ."

ಎಲ್ಲಾ ಬುಟ್ಟು, ಅವ್ಳು ಆಡದ ಅದೇ ಮಾತಿಗೆ ಬಂದು ನಿಂತ್ಕೊಳ್ತು.

ಮನೇಲಿ ಶುರು ಮಾಡ್ದೆ. ಅವ್ಳು ಸ್ಟೂಲ್ ಮೇಲೆ ಕೂತ್ಕೊಳ್ಳೋಳು, ನಾನು ಹಿಂದೆ ನಿಂತು ಮೊಣಕೈ ಹಿಡಿದು ಎತ್ತೋನು. ಸಾಕಾ ಅಂತ ಕೇಳಿದ್ರೆ ಮಾತಿಲ್ಲ. ಮುಖ ನೋಡ್ಕೊಂಡು ಅಂದಾಜಲ್ಲಿ ನಿಲ್ಲಿಸ್ತಿದ್ದೆ. ಒಂದು ದಿನ ಮುಖ ನೆಟ್ಟಗೇ ಇತ್ತು. ಇವತ್ತು ಚೆನ್ನಾಗಿದೆ ಅಂದ್ಕೊಂಡು ಇನ್ನೊಂಚೂರು ಎತ್ತಿದೆ. ಅವ್ಳು ಸದ್ದಿಲ್ದೇ ಪಕ್ಕಕ್ಕೆ ವಾಲ್ಬುಟ್ಲು. ಸ್ಟೂಲಿಂದ ಬೀಳೋಳನ್ನ ಹಿಡ್ಕೊಂಡೆ. ಕಣ್ಣು ಮೇಲಾಗಿತ್ತು. ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಲು. ತುಟಿ ಕಚ್ಚಿ ರಕ್ತ ಬಂದಿತ್ತು.

ನಾನು ನೆಲದ ಮೇಲೆ ಕೂತ್ಬುಟ್ಟೆ. ಇಷ್ಟು ನೋವನ್ನ ನನ್ನ ಕೈಯಾರೆ ಕೊಟ್ಟಿದೀನಿ, ಕೊಡ್ತಿರೋದು ನಂಗೇ ಗೊತ್ತಾಗಿಲ್ಲ.

"ಒಂದು ಮಾತು ಅಂದಿದ್ರೆ ಏನಾಗ್ತಿತ್ತಮ್ಮ?" ಅಂದೆ.

ತುಟಿ ಒರೆಸ್ಕೊಂಡು ಹೇಳಿದ್ಲು. "ಆವತ್ತು ನಾನು ಸುಳ್ಳು ಹೇಳ್ಲಿಲ್ಲ ರೀ. ಆವತ್ತು ನಿಜವಾಗ್ಲೂ ನೋವಿರ್ಲಿಲ್ಲ. ಎರಡು ದಿನಕ್ಕೆ ವಾಪಸ್ ಬಂತು. ನನ್ನ ನಂಬಿಕೆ ಕಮ್ಮಿ, ಅದಕ್ಕೇ ಬಂತು ಅಂದ್ಕೊಂಡೆ. ಈಗ ಮನೇಲಿ ನೋವು ಅಂತ ಒಪ್ಕೊಂಡು, ಭಾನುವಾರ ಅಲ್ಲಿ ವಾಸಿಯಾದೋಳ ಥರ ಕೂತ್ಕೊಳ್ಳೋದು, ಅದು ಕರ್ತನಿಗೇ ಮೋಸ ಮಾಡಿದಂಗೆ. ಸಭೇಲಿ ಹೇಳಿದ್ದನ್ನ ಸಭೇಲೇ ಬಿಚ್ಚಬೇಕು. ಅಲ್ಲೀವರ್ಗೂ ನನ್ ಬಾಯಿಗೆ ಆ ಮಾತು ಬರಲ್ಲ."

"ಹಂಗಾದ್ರೆ ಭಾನುವಾರ ಹೇಳ್ತೀಯಾ?"

"ಭಯ ಆಯ್ತದೆ" ಅಂದ್ಲು. "ನಂಗೆ ಅಕ್ಕತಂಗಿ ಅಂತ ಇರೋದು ಅವ್ರೇ."

ಅದು ನಿಜ. ನಾವು ಹೋಗದೇ ಇದ್ರೆ ಬಂದು ವಿಚಾರಿಸೋ ಜನ ಅವ್ರೇ. ಅವ್ಳು ಆ ಜನಾನ ಕಳ್ಕೊಳ್ಬೇಕಿತ್ತು, ಇಲ್ಲ ಕೈನ ಕಳ್ಕೊಳ್ಬೇಕಿತ್ತು. ಮಧ್ಯದ ದಾರಿ ನಂಗೆ ಕಾಣ್ಲಿಲ್ಲ.

ಭಾನುವಾರ ಹೋದ್ವಿ. ಮೆಟ್ಲು ಹತ್ತೋವಾಗ ಮುಂದೆ ಒಬ್ರು ಅಜ್ಜಿ ಇದ್ರು, ಸಭೆಗೇ ದೊಡ್ಡೋರು. ಹಿಂದಿನ ವರ್ಷ ಮಂಡಿನೋವು ಹೋಯ್ತು ಅಂತ ಸಾಕ್ಷಿ ಹೇಳಿದೋರು. "ಬನ್ನಿ ಬನ್ನಿ, ಜಾಗ ಹಿಡೀರಿ" ಅಂತ ನಮ್ಮನ್ನ ಮುಂದೆ ಕಳ್ಸಿದ್ರು.

ಸಾಕ್ಷಿ ಸಮಯಕ್ಕೆ ನನ್ನ ಹೆಂಡ್ತಿ ಎದ್ದು ಹೋದ್ಲು. ಎಡಗೈಲಿ ಮೈಕ್ ತಗೊಂಡ್ಲು.

"ಎಲ್ರಿಗೂ ಸ್ತೋತ್ರ. ನನ್ನ ಭುಜದ ವಿಷ್ಯ ಇಲ್ಲಿ ಹೇಳಿದ್ದೆ. ಆವತ್ತು ನೋವು ಹೋಗಿತ್ತು. ಆಮೇಲೆ ಬಂತು. ಇವತ್ತೂ ಇದೆ."

ಹಾಲಲ್ಲಿ ಫ್ಯಾನ್ ಸದ್ದು ಬುಟ್ರೆ ಬೇರೆ ಸದ್ದಿಲ್ಲ. ಮುಂದಿನ ಸಾಲಲ್ಲಿ ಒಬ್ರು ಸಿಸ್ಟರ್ ತಲೆ ತಗ್ಗಿಸಿಬುಟ್ರು. ಆಗ ಕೀಬೋರ್ಡ್ ನುಡಿಸೋ ಬ್ರದರ್, ಪಾಪ, ಏನು ಮಾಡ್ಬೇಕೋ ತಿಳೀದೆ ಒಂದು ಹಾಡಿನ ರಾಗ ಎತ್ತಿದ್ರು. ಮೊದ್ಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ. ಅವ್ಳ ಬಾಯಿ ಆಡ್ತಿತ್ತು, ಮಾತು ಕೇಳ್ತಿರ್ಲಿಲ್ಲ. ಇದು ನಾನು ನೋಡಿದ್ದೇ. ಅಕ್ಕಿ ಮೂಟೆ ಪಕ್ಕ ನೋಡಿದ್ದೇ.

ಎದ್ದು ಹೋಗ್ಬೇಕು ಅಂದ್ಕೊಂಡೆ. ಅಷ್ಟ್ರಲ್ಲಿ ಅವ್ಳೇ ಆ ಕಡೆ ತಿರುಗಿದ್ಲು.

"ಬ್ರದರ್, ಒಂದ್ ನಿಮಿಷ ನಿಲ್ಸಿ. ನನ್ ಮಾತು ಕೇಳ್ಸಲ್ಲ."

ಕೀಬೋರ್ಡ್ ನಿಂತೋಯ್ತು.

"ಕರ್ತ ಸತ್ತು ಎದ್ದು ಬಂದ ಮೇಲೆ ಶಿಷ್ಯರಿಗೆ ಕೈ ತೋರ್ಸಿದ್ರಲ್ಲ. ಮೊಳೆ ಗಾಯ ಹಂಗೇ ಇತ್ತಲ್ಲ. ಎದ್ದು ಬರೋಕೆ ಆದೋರಿಗೆ ಗಾಯ ಮಾಯಿಸ್ಕೊಳ್ಳೋಕೆ ಆಗ್ತಿರ್ಲಿಲ್ವಾ? ಬೇಕಂತ ಇಟ್ಕೊಂಡ್ರು. ಮುಚ್ಚಿಡ್ಲಿಲ್ಲ. ನಾನೂ ತೋರ್ಸ್ತೀನಿ. ನನ್ ಕೈ ಇಷ್ಟೇ ಏಳೋದು." ಬಲಗೈ ಎತ್ತಿದ್ಲು. ಭುಜದ ಮಟ್ಟಕ್ಕೂ ಬರ್ಲಿಲ್ಲ, ನಡುಗ್ತಾ ನಿಂತ್ಕೊಳ್ತು. "ಇಲ್ಲಿಗೆ ಬಂದ್ರೆ ನೋವಾಯ್ತದೆ. ಆದ್ರೂ ನಾನು ಕರ್ತನ್ನ ಬುಟ್ಟಿಲ್ಲ. ಅಷ್ಟೇ ನನ್ನ ಸಾಕ್ಷಿ."

ಯಾರೂ ಸ್ತೋತ್ರ ಅನ್ಲಿಲ್ಲ. ಪಾಸ್ಟರ ಮುಖ ಬಿಳಿಚ್ಕೊಂಡಿತ್ತು. "ಕೂತ್ಕೊಳ್ಳಿ ಸಿಸ್ಟರ್" ಅಂದ್ರು. ಆವತ್ತು ಉಪದೇಶ ಬಹಳ ಬೇಗ ಮುಗಿಸಿಬುಟ್ರು. ಹೊರಗೆ ಚಪ್ಪಲಿ ಹಾಕ್ಕೊಳ್ಳೋವಾಗ ನನ್ನ ಹತ್ರ ಬಂದು, "ಸಿಸ್ಟರ್ ಇಷ್ಟು ದಿನ ಸಹಿಸ್ಕೊಂಡಿದ್ರಾ, ಬ್ರದರ್?" ಅಂತ ಕೇಳಿದ್ರು. ಹೂಂ ಅಂದೆ. "ನಾನು ದಿನಾ ಆ ವಿಡಿಯೋ ಬೇರೆಯೋರಿಗೆ ತೋರಿಸ್ತಿದ್ದೆ" ಅಂದು ಒಳಕ್ಕೆ ಹೋದ್ರು. ಅವ್ರಿಗೂ ನನ್ನಷ್ಟೇ ಪೆಟ್ಟಾಗಿತ್ತು ಅಂತ ಕಾಣ್ತದೆ. ಕೆಲವ್ರು ನಮ್ಮನ್ನ ನೋಡದೇ ಇಳಿದು ಹೋದ್ರು. ಇವತ್ತಿಗೂ ಒಂದಿಬ್ರು ನಮ್ಮ ಜೊತೆ ಮಾತಾಡಲ್ಲ.

ಮೆಟ್ಲ ಹತ್ರ ಆ ಅಜ್ಜಿ ನಿಂತಿದ್ರು. ಎಲ್ರೂ ಇಳೀಲಿ ಅಂತ ಕಾಯ್ತಿದ್ರು ಅಂತ ಆವಾಗ ನಂಗೆ ಗೊತ್ತಾಯ್ತು. ನನ್ನ ಹೆಂಡ್ತಿ ಎಡಗೈ ಹಿಡ್ಕೊಂಡು, "ಮೆಲ್ಲಗೆ ಓಗಣ ಕಣವ್ವ, ನಂಗೆ ಇಳಿಯಕ್ಕಾಗಲ್ಲ" ಅಂದ್ರು. ಒಂದೊಂದು ಮೆಟ್ಲಿಗೂ ಅಮ್ಮಾ ಅಮ್ಮಾ ಅಂತ ಇಳಿದ್ರು. ಕೆಳಗೆ ಬಂದ ಮೇಲೆ, "ಓದ ವರ್ಸದಿಂದ ಇಷ್ಟು ಬಾಯ್ಬುಟ್ಟು ಅಂದಿರ್ಲಿಲ್ಲ" ಅಂತ ನಕ್ಕರು.

ಸಂಜೆ ಮನೇಲಿ ಸ್ಟೂಲ್ ಹಾಕ್ದೆ. ಮೊಣಕೈ ಹಿಡಿದು ಮೆಲ್ಲಗೆ ಎತ್ತಿದೆ. ಮೊದ್ಲು ಎತ್ತಿದ್ದಕ್ಕಿಂತ ಬಹಳ ಕೆಳಗೇನೇ ಅವ್ಳು ಕೂಗಿದ್ಲು.

"ಅಯ್ಯೋ ನಿಲ್ಸಿ ರೀ, ನೋವು."

ನಿಲ್ಲಿಸ್ದೆ. ಇಷ್ಟು ದಿನ ಈ ಜಾಗವನ್ನ ದಾಟಿ ಎಷ್ಟು ಮೇಲಕ್ಕೆ ಎತ್ತಿದ್ನೋ ಅಂತ ನೆನೆಸ್ಕೊಂಡೆ. ಪಕ್ಕದ ಮನೆಯೋರು ಕಿಟಕಿಯಿಂದ ಏನಾಯ್ತು ಅಂತ ಕೇಳಿದ್ರು. ಭುಜ ಕಣ್ರೀ, ನೋವು ಅಂತ ಇವ್ಳೇ ಜೋರಾಗಿ ಹೇಳಿದ್ಲು.

"ಇನ್ನೊಂದ್ಸಲ ಹೇಳು, ಎಲ್ಲಿ?" ಅಂದೆ.

"ಏನ್ರೀ, ನಂಗೆ ನೋವಾದ್ರೆ ನಿಮ್ಗೆ ಖುಷಿನಾ?"

ನಾನು ಅವ್ಳ ಕೈನ ಅವ್ಳು ಹೇಳಿದ ಜಾಗದಲ್ಲೇ ಹಿಡ್ಕೊಂಡು ನಿಂತಿದ್ದೆ.