ಹೊಳೆಯದ ಚೇಳು

ಶಕುನ, ಸೂಚನೆ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಬೆಳಗಾವಿಯ ಹಿಂದವಾಡಿಯಲ್ಲಿ ಕಾರುಗಳ ಎಸಿ ರಿಪೇರಿ ಮಾಡುತ್ತೇನೆ. ಗ್ಯಾಸ್ ಸೋರುತ್ತಿದ್ದರೆ ಪೈಪಿನೊಳಗೆ ಒಂದು ಬಣ್ಣ ಬಿಟ್ಟು, ನೇರಳೆ ಬೆಳಕಿನ ಟಾರ್ಚ್ ಹಿಡಿಯುತ್ತೇವೆ. ಸೋರುವ ಜಾಗ ಹಸಿರಾಗಿ ಹೊಳೆಯುತ್ತದೆ. ಹೊಳೆದರೆ ಉಂಟು, ಹೊಳೆಯದಿದ್ದರೆ ಇಲ್ಲ. ಇಷ್ಟೇ ನನ್ನ ವೇದಾಂತವಾಗಿತ್ತು.

ನಾಲ್ಕು ವರ್ಷದ ಹಿಂದೆ ಖಾನಾಪುರದ ಹತ್ತಿರದ ಹಳ್ಳಿಯಿಂದ ತಂಗಿ ಮಂಗಲಾ ಫೋನ್ ಮಾಡಿದಳು. ಒಂದೇ ವಾರದಲ್ಲಿ ಮನೆಯೊಳಗೆ ಎರಡು ಚೇಳು ಸಿಕ್ಕಿದ್ದವು. ಹೆದರಿ, ಮೂರು ತಿಂಗಳ ಕೂಸನ್ನು ಅವಳು ತೊಡೆಯಿಂದ ಇಳಿಸುತ್ತಲೇ ಇರಲಿಲ್ಲ. ನನ್ನ ಟಾರ್ಚಿನ ಆ ನೇರಳೆ ಬೆಳಕಿಗೆ ಚೇಳೂ ಹೊಳೆಯುತ್ತದೆಂದು ಮೊಬೈಲಿನಲ್ಲಿ ನೋಡಿದ್ದೆ. ಟಾರ್ಚ್ ಜೇಬಿಗಿಳಿಸಿ ಸಂಜೆಯೇ ಬೈಕ್ ಹತ್ತಿದೆ.

ಕತ್ತಲಾದ ಮೇಲೆ ದೀಪ ಆರಿಸಿ ಹಿತ್ತಿಲ ಗೋಡೆಗೆ ಬೆಳಕು ಬಿಟ್ಟೆ. ಕೆಂಪು ಕಲ್ಲಿನ ಸಂದಿಯಲ್ಲಿ ಒಂದು, ಕಟ್ಟಿಗೆ ರಾಶಿಯ ಬುಡದಲ್ಲಿ ಎರಡು, ರೇಡಿಯಂ ಗಡಿಯಾರದ ಮುಳ್ಳಿನ ಹಾಗೆ ಹಸಿರಾಗಿ ಬೆಳಗುತ್ತಿದ್ದವು. ಹೆದರಿಕೆ ಮರೆತು ಕುಕ್ಕರಗಾಲಲ್ಲಿ ಕೂತು ನೋಡಿದೆ. ಎಷ್ಟು ಚೆಂದ ಅನಿಸಿತು! ಹಿತ್ತಿಲೆಲ್ಲ ಹುಡುಕಿ ಇಕ್ಕಳದಲ್ಲಿ ಹಿಡಿದು ಬಕೆಟ್ಟಿಗೆ ಹಾಕಿದ್ದು ಒಟ್ಟು ಆರು. ಆಮೇಲೆ ಮನೆಯೊಳಗೆ ಮೂಲೆಮೂಲೆ ಜಾಲಾಡಿದೆ. ತೊಟ್ಟಿಲಿಗೂ, ಅದರಲ್ಲಿ ಹಾಸಿದ್ದ ಕೌದಿಯ ಮಡಿಕೆಗಳಿಗೂ ಬೆಳಕು ಹಿಡಿದೆ. ಸೋಪಿನಲ್ಲಿ ಒಗೆದ ಕೌದಿ ನೀಲಿಯಾಗಿ ಹೊಳೆಯಿತೇ ಹೊರತು ಹಸಿರು ಕಾಣಲಿಲ್ಲ.

"ಅಣ್ಣಾ, ಖರೇ ಏನೂ ಇಲ್ಲಲಾ?" ಮಂಗಲಾ ಕೇಳಿದಳು.

"ಏನೂ ಇಲ್ಲವ್ವಾ. ನನ್ನ ಟಾರ್ಚ್ ಸುಳ್ಳ ಹೇಳಂಗಿಲ್ಲ. ಕೂಸಿನ್ನ ಮಲಗಸು," ಎಂದೆ.

ಅಷ್ಟರಲ್ಲಿ ಅವಳ ಅತ್ತೆ ಅಡುಗೆಮನೆಯಿಂದ ಗುಂಡುಕಲ್ಲು ಹೊತ್ತು ತಂದರು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಈ ಕಲ್ಲನ್ನು ಮಲಗಿಸಿ ತೂಗುವುದು ನಮ್ಮ ಕಡೆಯ ಪದ್ಧತಿ. ಅದು ಆ ಒಂದು ದಿನಕ್ಕೆ ಮಾತ್ರ. ಹೆಸರಿಟ್ಟು ಎಷ್ಟೋ ದಿನವಾಗಿತ್ತು.

"ಅವ್ವಾರ, ಇನ್ನೊಮ್ಮಿ ಹೆಸರ ಇಡ್ತೀರೇನ್ರಿ?" ಎಂದು ನಕ್ಕೆ.

ಅವರು ಕಲ್ಲನ್ನು ತೊಟ್ಟಿಲಲ್ಲಿಟ್ಟು ಮೂರು ಸಲ ತೂಗಿ ಎತ್ತಿಕೊಂಡರು. ದೀಪ ಹಾಕಿದರೆ ಕೌದಿಯ ಮೇಲೆ ಒದ್ದೆ ಕಲೆ. ಮಡಿಕೆ ಬಿಚ್ಚಿದೆ. ಒಳಗೆ ಬಿಳಿಚಿಕೊಂಡ ಚೇಳೊಂದು ಜಜ್ಜಿ ಹೋಗಿತ್ತು. ಮಂಗಲಾ ಕೂಸನ್ನು ಅವಚಿಕೊಂಡು ಗೋಡೆಗೊರಗಿದಳು. ಮತ್ತೆ ದೀಪ ಆರಿಸಿ ಆ ಚೇಳಿಗೆ ಟಾರ್ಚ್ ಹಿಡಿದೆ, ಹೊಳೆಯಲಿಲ್ಲ.

ಆಗಷ್ಟೇ ಪೊರೆ ಬಿಟ್ಟ ಚೇಳು ಹೊಳೆಯುವುದಿಲ್ಲ ಎಂದು ಆಮೇಲೆ ಓದಿ ತಿಳಿದೆ. ಅಲ್ಲಿಗೆ ಚೇಳಿನ ಲೆಕ್ಕ ಚುಕ್ತಾ ಆಯಿತು, ಕಲ್ಲಿನದು ಆಗಲಿಲ್ಲ. ಅವತ್ತೇ ಅತ್ತೆಯವರನ್ನು ಕೇಳಿದ್ದೆ, ಕಲ್ಲು ಯಾಕೆ ಇಟ್ಟಿರಿ ಎಂದು.

"ಯಾರಿಗ್ಗೊತ್ತೋ ತಮ್ಮಾ. ನೀರ ಕುಡ್ಯಾಕ ಒಳಗ ಹೋಗಿದ್ದೆ. ನೋಡತೀನಿ, ಕೈಯಾಗ ಕಲ್ಲ ಐತಿ."

ಕನಸು ಬಿತ್ತು, ದೇವರು ಹೇಳಿದ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಅವರು ಅಂಥದ್ದೇನೂ ಹೇಳಲಿಲ್ಲ. ಹೋದಾಗಲೆಲ್ಲ ಕೇಳುತ್ತೇನೆ, ಅದೇ ಉತ್ತರ. ಆ ಕೂಸು ಈಗ ನನ್ನ ಟಾರ್ಚ್ ಕಸಿದುಕೊಂಡು ಹಿತ್ತಿಲೆಲ್ಲ ಓಡಾಡುತ್ತದೆ. ಗಿರಾಕಿಗಳಿಗೆ ನಾನೀಗ "ಲೀಕ್ ಇಲ್ಲ" ಎನ್ನುವುದಿಲ್ಲ. "ನನಗ ಕಾಣಲಿಲ್ರಿ" ಎನ್ನುತ್ತೇನೆ.