ಹಿಟ್ಟಿನ ಗಿರಣಿಯ ಮಾಳಿಗೆ ಮೇಲಿನ ಕಂಬಿಗಳು

ವಿದ್ಯುತ್ ಇಲಾಖೆಯಲ್ಲಿ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಆಗಿ ನಿವೃತ್ತಳಾಗಿ ಆಗ ಎರಡನೆಯ ವರ್ಷ. ನಾನು ಕೆಲಸ ಬಿಟ್ಟಿದ್ದೆ, ಕೆಲಸ ನನ್ನನ್ನು ಬಿಟ್ಟಿರಲಿಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯವರು ಸೋಲಾರ್ ಹಾಕಿಸುವ ಮುನ್ನ "ಮೇಡಂನ ಒಂದು ಮಾತು ಕೇಳೋಣ" ಎಂದು ಮನೆಗೆ ಬರುತ್ತಿದ್ದರು. ಫೀಸು ಇಲ್ಲ, ಆದರೆ ಷರತ್ತು ಒಂದಿತ್ತು: ಮಾಳಿಗೆ ಹತ್ತಿ ನೋಡದೆ ನಾನು ಬಾಯಿ ಬಿಡುವವಳಲ್ಲ. ಸರ್ವಿಸಿನುದ್ದಕ್ಕೂ ಸೀರೆ ಉಟ್ಟೇ ಏಣಿ ಹತ್ತಿದವಳು. ಫೋನಿನಲ್ಲಿ ಫೋಟೊ ಕಳಿಸುತ್ತೇನೆ ಅನ್ನುವವರಿಗೆ, "ಫೋಟೊ ನಿಮ್ಮ ಬೀಗರಿಗೆ ಕಳಸ್ರಿ, ನನಗ ಏಣಿ ತೋರಸ್ರಿ" ಎನ್ನುತ್ತಿದ್ದೆ.

ಆ ವರ್ಷ ನಮ್ಮ ಕಡೆ ಚಾವಣಿ ಬಾಡಿಗೆಯ ಸುಗ್ಗಿ. ಕಂಪನಿಯವರು ತಮ್ಮ ಖರ್ಚಿನಲ್ಲಿ ನಿಮ್ಮ ಮಾಳಿಗೆಯ ಮೇಲೆ ಪ್ಯಾನೆಲ್ ಕೂಡಿಸುತ್ತಾರೆ. ಕರೆಂಟು ಅವರದು, ನಿಮಗೆ ತಿಂಗಳ ಬಾಡಿಗೆ. ಕೈಯಿಂದ ಬಿಡಿಗಾಸು ಹಾಕಬೇಕಿಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜನಕ್ಕೆ ಇದಕ್ಕಿಂತ ಇನ್ನೇನು ಬೇಕು? ಹಾಗಂತ ಯೋಜನೆಯೇ ಮೋಸ ಎಂದು ನಾನು ಹೇಳುವುದಿಲ್ಲ. ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರೊಬ್ಬರಿಗೆ, ಗೋದಾಮಿನ ತಗಡಿನ ಮೇಲೆ ಹದ್ದು ಬಿಟ್ಟರೆ ಇನ್ಯಾರೂ ಕೂರುವುದಿಲ್ಲ, ಧಾರಾಳ ಸಹಿ ಮಾಡಿ ಎಂದು ನಾನೇ ಹೇಳಿದ್ದೆ.

ಪಾಪಿನಾಯಕನಹಳ್ಳಿಯ ದುರುಗೇಶ ಬಂದದ್ದು ಆ ದಿನಗಳಲ್ಲೇ. ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ, ಹಿಂದೆ ಸಂಸಾರ. ಮರುದಿನವೇ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕುವವನಿದ್ದ.

"ಸುಮ್ಮನ ಒಂದ್ ಮಾತು ಕೇಳೋಣಂತ ಬಂದೀನ್ರಿ ಮೇಡಂ. ಎಲ್ಲಾ ಫೈನಲ್ ಆಗೇತಿ."

"ಫೈನಲ್ ಆದಮ್ಯಾಗ ನನ್ನ ಮಾತು ಉಪ್ಪಿನಕಾಯಿಗೇನ್ರಿ?" ಎಂದೆ. ನಗುತ್ತಲೇ ಬೈಕು ತಿರುಗಿಸಿದ. ಹಿಂದೆ ಕೂತು ಹೊರಟೆ.

ಬಾಗಿಲ ಮೇಲಿದ್ದ ಬುದ್ಧನ ಚಿತ್ರಕ್ಕೆ ದುರುಗೇಶನ ತಾಯಿ ಹುಲಿಗೆವ್ವ ಹೂವು ಏರಿಸುತ್ತಿದ್ದರು. "ಬರ್ರಿ, ಕುಂದ್ರಿ, ಚಾ ಕುಡೀರಿ" ಎಂದರು. "ಮೊದಲು ಮಾಳಿಗಿ, ಆಮ್ಯಾಲೆ ಚಾ" ಎಂದು ಹತ್ತಿದೆ.

ಮಾಳಿಗೆ ಲಕ್ಷಣವಾಗಿತ್ತು. ದಕ್ಷಿಣಕ್ಕೆ ಮರವಿಲ್ಲ, ಎತ್ತರದ ಮನೆಯಿಲ್ಲ. ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳು ಮಾತ್ರ ನೆಲಕ್ಕೆ ಕುಂಕುಮ ಚೆಲ್ಲಿದಂತೆ ಕೂತಿತ್ತು. ನಮ್ಮ ಕಡೆ ಮನೆ ಕಟ್ಟಿದವರೆಲ್ಲ ಮುಂದೊಂದು ದಿನ ಮೇಲೆ ಕಟ್ಟೋಣವೆಂದು ಪಿಲ್ಲರಿನ ಕಂಬಿಗಳನ್ನು ಉದ್ದಕ್ಕೆ ಹಾಗೇ ಬಿಡುತ್ತಾರೆ. ಇಲ್ಲೂ ಇದ್ದವು. ಪ್ರತಿ ಕಂಬಿಯ ಬುಡಕ್ಕೂ ಕಂಪನಿಯ ಸರ್ವೆಯವರು ಬಿಳಿ ಸುಣ್ಣದ ಗೆರೆ ಎಳೆದಿದ್ದರು.

"ನೆರಳು ಬೀಳ್ತೈತಂತರಿ. ಸಹಿ ಆದ ಕೂಡಲೇ ಗ್ಯಾಸ್ ಕಟರ್ ತಂದು ಕೊಯ್ತಾರಂತ" ಎಂದ ದುರುಗೇಶ.

ಲೆಕ್ಕಕ್ಕೆ ಅದು ಸರಿ. ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಸೊರಗಬಹುದು. ಎಷ್ಟು ನೆರಳು ಬರುತ್ತದೆಂದು ನೋಡಲು ಕಂಬಿಯೊಂದನ್ನು ಹಿಡಿದೆ. ಹಿಡಿದವಳು ಅಲ್ಲೇ ನಿಂತೆ. ಬಯಲಿನಲ್ಲಿ ಬಿಟ್ಟ ಕಬ್ಬಿಣ ವರ್ಷಾರು ತಿಂಗಳಲ್ಲಿ ತುಕ್ಕು ಹಿಡಿದು ಸಿಪ್ಪೆ ಬಿಡುತ್ತದೆ. ಈ ಮನೆ ಕಟ್ಟಿ ಹತ್ತು ವರ್ಷ ದಾಟಿತ್ತು. ಆದರೂ ಕಂಬಿಯ ಮೇಲೆ ಬೂದು ಬಣ್ಣದ ಲೇಪ, ಪದರದ ಮೇಲೆ ಪದರ. ತುಕ್ಕು ತಟ್ಟದಿರಲೆಂದು ಯಾರೋ ಮರೆಯದೆ ಸಿಮೆಂಟ್ ಹಾಲು, ಅಂದರೆ ನೀರಿನಲ್ಲಿ ಕದಡಿದ ಸಿಮೆಂಟ್, ಬಳಿಯುತ್ತಿದ್ದರು. ತುದಿಗೆ ಒಂದೊಂದು ಪ್ಲಾಸ್ಟಿಕ್ ಬಾಟಲಿಯನ್ನೂ ಬೋರಲು ಹಾಕಿದ್ದರು.

"ಇದಕ್ಕ ಸಿಮೆಂಟ್ ಹಾಲು ಯಾರು ಹಚ್ತಾರ?"

ದುರುಗೇಶ ಕಂಬಿಯತ್ತ ಬಾಗಿ ನೋಡಿದ. "ನನಗ ಗೊತ್ತಿಲ್ರಿ. ಗಿರಣಿ ಬಿಟ್ಟು ನಾನೆಲ್ಲಿ ಮ್ಯಾಲ ಬರ್ತೀನಿ?"

ಕೆಳಗಿಳಿದು ಅದೇ ಪ್ರಶ್ನೆಯನ್ನು ಹುಲಿಗೆವ್ವನಿಗೆ ಕೇಳಿದೆ. ಚಹಾದ ಕಪ್ಪು ನನ್ನ ಕೈಗಿಟ್ಟು, "ಸುಜಾತಾ" ಎಂದರು. "ದೀಪಾವಳಿಗೆ ಬಂದಾಗೆಲ್ಲ ಹಚ್ಚಿ ಹೋಗ್ತಾಳ."

ಸುಜಾತಾ ದುರುಗೇಶನ ತಂಗಿ. ಸಂಡೂರಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್. ಗಂಡನಿಂದ ಬೇರೆಯಾಗಿ, ಎರಡನೆಯ ತರಗತಿ ಓದುವ ಮಗಳೊಂದಿಗೆ ಅಲ್ಲೇ ಒಂದು ಕೋಣೆಯಲ್ಲಿ ಬಾಡಿಗೆಗಿದ್ದಳು. ತಂದೆ ತುಂಗಭದ್ರಾ ಡ್ಯಾಂ ಕಾಲುವೆಯ ಮೇಲೆ ಕೂಲಿ ಮಾಡಿ ಈ ಮನೆ ಕಟ್ಟಿದವರು. ಸಾಯುವ ಮುಂಚೆ ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು, "ಕೆಳಗಿಂದು ಮಗಂದು, ಮ್ಯಾಲಿಂದು ಮಗಳದು" ಎಂದಿದ್ದರಂತೆ. ಮೇಲೆ ಆಗ ಇದ್ದದ್ದು ಕಂಬಿ ಮತ್ತು ಆಕಾಶ, ಅಷ್ಟೆ.

"ಹಂಗಾದ್ರ ನಿಮ್ಮದಲ್ಲದ್ದನ್ನ ಬಾಡಿಗಿಗೆ ಕೊಡಾಕ ಹೊಂಟೀರಿ" ಎಂದೆ. ಸಿಟ್ಟು ಬಂದಿತ್ತು ನನಗೆ, ಮುಚ್ಚಿಡುವುದೇಕೆ.

"ಆಕಿ ನೌಕರಿ ಮಾಡ್ತಾಳ, ಇಲ್ಲಿಗೆಲ್ಲಿ ಬರ್ತಾಳಂತ..." ಎಂದ. ಕೆಟ್ಟವನಲ್ಲ. ಗಿರಣಿಯ ಕರೆಂಟ್ ಬಿಲ್ಲು ಅವನನ್ನು ಹಿಂಡುತ್ತಿತ್ತು. ಮನೆಯ ಮೀಟರಿಗೆ ಸರ್ಕಾರದ ಉಚಿತ ಯೋಜನೆಯಿಂದ ಬಿಲ್ಲು ಸೊನ್ನೆ. ಗಿರಣಿಯ ಮೀಟರಿಗೆ ಆ ಭಾಗ್ಯವಿರಲಿಲ್ಲ. ಬಾಡಿಗೆ ಬಂದರೆ ಉಸಿರಾಡಬಹುದು ಎಂಬುದೊಂದೇ ಅವನ ತಲೆಯಲ್ಲಿದ್ದದ್ದು.

"ಇವತ್ತ ತಂಗಿನ್ನ ಕರಸ್ರಿ. ಸಹಿ ಅವಸರ ಮಾಡಬ್ಯಾಡ್ರಿ" ಎಂದೆ. ಮಧ್ಯಾಹ್ನದ ಬಸ್ಸಿಗೆ ಸುಜಾತಾ ಮಗಳನ್ನು ಕರೆದುಕೊಂಡು ಬಂದಳು. ಚಪ್ಪಲಿಯನ್ನೂ ಬಿಡದೆ ನೆಟ್ಟಗೆ ಮೇಲೆ ಹತ್ತಿ, ಸುಣ್ಣದ ಗೆರೆಗಳನ್ನು ನೋಡಿ ಇಳಿದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ದುರುಗೇಶನಿಗೆ ಹಗುರವಾಗುತ್ತಿತ್ತೋ ಏನೋ.

"ಅಣ್ಣ, ಕಟ್ಟಸಾಕ ಅಲ್ಲದಿದ್ರ ವರ್ಷಾ ವರ್ಷ ಯಾಕ ಹಚ್ತಿದ್ದೆ ನಾನು? ಒಂದ್ ಮಾತು ಕೇಳಬಾರದಾ?"

 ಹುಲಿಗೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇನ್ನು ಸುಮ್ಮನಿದ್ದರೆ ಆಗದೆಂದು ಒಪ್ಪಂದದ ಕರಡು ತರಿಸಿ, ಎಲ್ಲರೆದುರು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವಧಿ ಇಪ್ಪತ್ತೈದು ವರ್ಷ. ಅಲ್ಲಿಯತನಕ ಮೇಲೆ ಒಂದು ಇಟ್ಟಿಗೆ ಇಡುವಂತಿಲ್ಲ. ನಡುವೆ ಬೇಡವೆಂದರೆ ಕಂಪನಿಯ ನಷ್ಟ ನೀವೇ ತುಂಬಬೇಕು. ಕೆಂಪು ಧೂಳು ತೊಳೆಯುವ ನೀರೂ ನಿಮ್ಮದೇ. ಸುಜಾತಾಳ ಮಗಳನ್ನು ತೋರಿಸಿ, "ಈ ಕೂಸಿಗೆ ಮೂವತ್ತು ದಾಟಿದ ಮ್ಯಾಗ ಮಾಳಿಗಿ ವಾಪಸ್ ಬರ್ತೈತ್ರಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎಂದೆ.

"ಹಂಗಾದ್ರ ಗಿರಣಿ ಬಿಲ್ಲಿಗೆ ನಾ ಏನ್ ಮಾಡ್ಲಿ ಮೇಡಂ?" ಎಂದ ದುರುಗೇಶ. ನ್ಯಾಯವಾದ ಪ್ರಶ್ನೆ. ಉತ್ತರವೂ ನನ್ನಲ್ಲಿತ್ತು.

ಹಿಟ್ಟಿನ ಗಿರಣಿ ನಡೆಯುವುದು ಹಗಲು, ಸೂರ್ಯ ದುಡಿಯುವುದೂ ಹಗಲು. ಇಂಥ ಜೋಡಿ ನನಗೆ ಸರ್ವಿಸಿನಲ್ಲಿ ಹೆಚ್ಚು ಸಿಕ್ಕಿರಲಿಲ್ಲ. ಬ್ಯಾಂಕಿನ ಸಾಲದಲ್ಲಿ ಐದು ಕಿಲೋವ್ಯಾಟ್‌ನ ಸ್ವಂತ ಸಿಸ್ಟಮ್ ಹಾಕಿಸಿ, ಮೀಟರಿಗೆ ಬಿಲ್ಲು ಕಟ್ಟುವ ಬದಲು ಬ್ಯಾಂಕಿಗೆ ಕಂತು ಕಟ್ಟಿ ಎಂದೆ. ಗಿರಣಿಗೆ ಸಬ್ಸಿಡಿ ಸಿಗುವುದಿಲ್ಲ, ಅದನ್ನೂ ಹೇಳಿದೆ. ಮೊದಲ ಕೆಲವು ವರ್ಷ ಕೈ ಬಿಗಿಯೇ. ಸಾಲ ತೀರಿದ ಮೇಲೆ ಕರೆಂಟು ಹೆಚ್ಚುಕಡಿಮೆ ನಿಮ್ಮದೇ. ಮುಖ್ಯ ಮಾತೆಂದರೆ ಸ್ವಂತ ಪ್ಯಾನೆಲ್ಲನ್ನು ಬೋಲ್ಟು ಬಿಚ್ಚಿ ಇಳಿಸಬಹುದು, ಮೇಲಿನ ಮನೆ ಎದ್ದ ಮೇಲೆ ಅದರ ನೆತ್ತಿಗೆ ಏರಿಸಬಹುದು. ಬಾಡಿಗೆಯದಕ್ಕೆ ನೀವು ಕೈ ಹಚ್ಚುವಂತಿಲ್ಲ.

ದುರುಗೇಶ ತಂಗಿಯ ಕಡೆ ತಿರುಗಿದ. "ನೀ ಕಟ್ಟಸೋ ದಿನ ನಾನ ಬಿಚ್ಚಿ ಕೊಡ್ತೀನಿ. ಆತಾ?"

"ಆತು" ಎಂದಳು. ಆಗ ಅತ್ತಳು.

ಕಂಬಿಗಳ ನಡುವೆ ಜಾಗ ನೋಡಿ ಸಾಲುಗಳನ್ನು ನಾನೇ ಗುರುತು ಹಾಕಿ ಕೊಟ್ಟೆ. ಸ್ವಲ್ಪ ಉತ್ಪಾದನೆ ಕಡಿಮೆಯಾಯಿತು, ಕಂಬಿ ಒಂದೂ ಹೋಗಲಿಲ್ಲ. ಕೆಲವು ವರ್ಷ ಕಳೆದು, ಮೊನ್ನೆ ಆ ಮನೆಯಿಂದ ಮತ್ತೆ ಕರೆ ಬಂತು: ಸುಜಾತಾಳ ಮನೆ ಎದ್ದಿದೆ, ಪ್ಯಾನೆಲ್ ಮೇಲೇರಿಸಬೇಕು. ಬಾಡಿಗೆಯೋ ಸ್ವಂತವೋ ಎಂದು ಈಗಲೂ ಜನ ಕೇಳುತ್ತಾರೆ. ಬಿಸಿಲು ಅಳೆಯುವುದನ್ನು ಇಲಾಖೆ ನನಗೆ ಮೊದಲೇ ಕಲಿಸಿತ್ತು. ಮಾಳಿಗೆ ಯಾರದು ಎಂದು ಮೊದಲು ಕೇಳುವುದನ್ನು ಕಲಿಸಿದ್ದು ಆ ಬೂದು ಕಂಬಿಗಳು.

ಹೊಸ ಮಾಳಿಗೆ ಹತ್ತಿದರೆ ಅಲ್ಲೂ ಪಿಲ್ಲರಿನ ಕಂಬಿಗಳು ನಿಂತಿವೆ! "ಮತ್ತ ನೆರಳೇನವ್ವಾ ಸುಜಾತಾ?" ಎಂದು ಗೊಣಗಿದೆ.

"ಇವು ನನ್ನ ಮಗಳವು ಮೇಡಂ" ಎಂದಳು.

ಅವಳ ಹಿಂದೆ ಏದುಸಿರು ಬಿಡುತ್ತ ದುರುಗೇಶ ಮೆಟ್ಟಿಲು ಹತ್ತಿ ಬಂದ. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಸಿಮೆಂಟ್ ಹಾಲಿನ ಬಕೆಟ್ಟು. ನಾನು ಸೆರಗು ಸಿಕ್ಕಿಸಿ, ಸಾಲುಗಳನ್ನು ಸರಿಸಲು ಟೇಪು ಬಿಚ್ಚಿದೆ.